ರಕ್ತದಿಂದ ತಯಾರಾದ ಔಷಧಿ: ಕಿರಣಗಳಿಂದ ರೋಗಾಣು ನಾಶ ಹೇಗೆ?



ವಾರ್ಡಿನಲ್ಲಿ ಮೇಲಿಂದ ಮೇಲೆ ಕೇಳಿಬರುವ ಎರಡು ಮಾತುಗಳಿಂದ ಈ ಲೇಖನವನ್ನು ಆರಂಭಿಸುತ್ತೇವೆ.

ಮೊದಲನೆಯದು ಒಬ್ಬ ತಾಯಿಯ ಮಾತು. ಮಗನಿಗೆ ಹಿಮೋಫಿಲಿಯಾ, ಅಂದರೆ ಕುಸುಮ ರೋಗ. ಆಟವಾಡುವಾಗ ಬಿದ್ದು ಮೊಣಕಾಲು ಊದಿಕೊಂಡಿದೆ. ವೈದ್ಯರು ಫ್ಯಾಕ್ಟರ್ 8 ಚುಚ್ಚುಮದ್ದು ಬರೆದಿದ್ದಾರೆ. ಚೀಟಿ ಕೈಯಲ್ಲಿ ಹಿಡಿದುಕೊಂಡು ತಾಯಿ ಕೇಳುತ್ತಾರೆ: "ಸಿಸ್ಟರ್, ಇದು ಯಾರ್ದೋ ರಕ್ತದಿಂದ ಮಾಡಿದ್ದಂತಲ್ರಿ? ಅವ್ರ ಬ್ಯಾನಿ ನನ್ನ ಮಗನಿಗೆ ಬಂದ್ರ?"

ಎರಡನೆಯದು, ಲಿವರ್ ತೊಂದರೆಯಿಂದ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿರುವ ಹಿರಿಯರ ಜೊತೆಗಿದ್ದವರ ಮಾತು. ಅಂಗಡಿಯಿಂದ ತಂದ ಆಲ್ಬುಮಿನ್ ಬಾಟಲಿಯನ್ನು ಅವರು ಕಿಟಕಿಯ ಬಿಸಿಲಿಗೆ ಇಟ್ಟಿದ್ದರು. ಏಕೆಂದು ಕೇಳಿದರೆ, "ಬಿಸಿಲಿಗೆ ಇಟ್ರ ಕ್ರಿಮಿ ಸಾಯ್ತಾವಲ್ರೀ?" ಎಂದರು.

ತಾಯಿಯ ಭಯ ಸುಳ್ಳಲ್ಲ. ಅದರ ಹಿಂದೆ ದೊಡ್ಡ ಇತಿಹಾಸವೇ ಇದೆ. ಬಿಸಿಲಿನ ಮಾತೂ ಪೂರ್ತಿ ತಪ್ಪಲ್ಲ. ಕಿರಣಗಳಿಂದ ರೋಗಾಣುಗಳನ್ನು ಕೊಲ್ಲುವ ಕೆಲಸ ನಿಜವಾಗಿಯೂ ನಡೆಯುತ್ತದೆ. ಆದರೆ ಭಯದಿಂದ ಔಷಧಿಯನ್ನು ನಿರಾಕರಿಸಿದರೂ, ಔಷಧಿಯನ್ನು ಬಿಸಿಲಿಗೆ ಇಟ್ಟರೂ ನಷ್ಟವಾಗುವುದು ರೋಗಿಗೆ. ಆದ್ದರಿಂದ ಈ ವಿಷಯವನ್ನು ಎಲ್ಲರೂ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರೋಟೀನ್ ಔಷಧಿ ಎಂದರೇನು?

ಜ್ವರದ ಮಾತ್ರೆಯನ್ನು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಿಸುತ್ತಾರೆ. ಪ್ರೋಟೀನ್ ಔಷಧಿ ಹಾಗಲ್ಲ, ಅದು ಜೀವಿಗಳಿಂದಲೇ ಬರಬೇಕು. ಮನುಷ್ಯರ ರಕ್ತದಿಂದ ಕೆಂಪು ಕಣಗಳನ್ನೂ ಇತರ ಕಣಗಳನ್ನೂ ತೆಗೆದರೆ ಉಳಿಯುವ ಹಳದಿ ದ್ರವಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅದರಿಂದ ಆಲ್ಬುಮಿನ್, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಮತ್ತು ಫ್ಯಾಕ್ಟರ್ 9, ರೋಗನಿರೋಧಕ ಇಮ್ಯುನೋಗ್ಲೋಬ್ಯುಲಿನ್ ಮೊದಲಾದವನ್ನು ಬೇರ್ಪಡಿಸುತ್ತಾರೆ. ಹಾವು ಕಚ್ಚಿದಾಗ ಕೊಡುವ ಚುಚ್ಚುಮದ್ದು ಕುದುರೆಯ ರಕ್ತದಿಂದ ಬರುವ ಪ್ರೋಟೀನ್. ಇಂದಿನ ಇನ್ಸುಲಿನ್ ಕೂಡ ಪ್ರೋಟೀನೇ. ಅದನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ.

ಪ್ರೋಟೀನ್ ಬಹಳ ನಾಜೂಕಾದ ವಸ್ತು. ಒಂದು ಉದ್ದದ ದಾರವನ್ನು ನಿರ್ದಿಷ್ಟ ರೀತಿಯಲ್ಲಿ ಮಡಿಚಿ ಗಂಟು ಹಾಕಿದ ಹಾಗೆ ಅದರ ರಚನೆ ಇರುತ್ತದೆ. ಆ ಮಡಿಕೆ ಸರಿಯಾಗಿದ್ದರೆ ಮಾತ್ರ ಔಷಧಿ ಕೆಲಸ ಮಾಡುತ್ತದೆ. ಹಾಲಿಗೆ ಹುಳಿ ಬಿದ್ದು ಒಡೆದರೆ ಅದನ್ನು ಮತ್ತೆ ಹಾಲು ಮಾಡಲಾದೀತೇ? ಪ್ರೋಟೀನ್ ಔಷಧಿಯೂ ಹಾಗೆಯೇ. ಒಮ್ಮೆ ಕೆಟ್ಟರೆ ಕೆಟ್ಟಿತು.

ರೋಗಾಣುವನ್ನು ಕೊಲ್ಲಬೇಕು, ಆದರೆ ಪ್ರೋಟೀನ್ ಒಡೆಯಬಾರದು. ಕಷ್ಟವೆಲ್ಲ ಇರುವುದು ಇಲ್ಲಿಯೇ.

ಭಯಕ್ಕೆ ಕಾರಣವಿತ್ತು

1942ರಲ್ಲಿ ಅಮೆರಿಕದ ಸೈನಿಕರಿಗೆ ಹಳದಿ ಜ್ವರದ ಲಸಿಕೆ ಹಾಕಲಾಯಿತು. ಲಸಿಕೆ ಕೆಡದಿರಲೆಂದು ಅದಕ್ಕೆ ಮನುಷ್ಯರ ರಕ್ತದ ಸೀರಮ್ ಬೆರೆಸಿದ್ದರು. ಆ ಸೀರಮ್‌ನಲ್ಲಿ ಹೆಪಟೈಟಿಸ್ ಬಿ ವೈರಾಣು ಇತ್ತು. ಆಗ ಆ ವೈರಾಣುವಿನ ಪರಿಚಯವೇ ಯಾರಿಗೂ ಇರಲಿಲ್ಲ. ಸುಮಾರು 50,000 ಸೈನಿಕರು ಕಾಮಾಲೆಯಿಂದ ಮಲಗಿದರು. ದಶಕಗಳ ನಂತರ ಸಂಶೋಧಕರು ಲೆಕ್ಕ ಹಾಕಿದಾಗ, ಸೋಂಕು ತಗಲಿದವರು ಮೂರು ಲಕ್ಷಕ್ಕೂ ಹೆಚ್ಚು ಎಂದು ಅಂದಾಜಾಯಿತು.

ಅದೇ ಕಾಲದಲ್ಲಿ ಆಲ್ಬುಮಿನ್ ಬಳಕೆಗೆ ಬಂತು. ಆಲ್ಬುಮಿನ್ ಪ್ರೋಟೀನ್‌ಗಳಲ್ಲಿ ಗಟ್ಟಿ ಜಾತಿಯದು. ಅದಕ್ಕೆ ಸ್ವಲ್ಪ ರಕ್ಷಕ ವಸ್ತು ಬೆರೆಸಿ 60 ಡಿಗ್ರಿ ಶಾಖದಲ್ಲಿ 10 ಗಂಟೆ ಇಟ್ಟರೂ ಒಡೆಯುವುದಿಲ್ಲ, ವೈರಾಣು ಮಾತ್ರ ಸಾಯುತ್ತದೆ. ಇಂದಿಗೂ ಆಲ್ಬುಮಿನ್ ಹೀಗೆಯೇ ತಯಾರಾಗುತ್ತದೆ.

ಫ್ಯಾಕ್ಟರ್ 8 ಹಾಗಲ್ಲ. ಅದು ದೊಡ್ಡದು, ನಾಜೂಕು. ಬಿಸಿ ತಾಗಿದರೆ ಕೆಡುತ್ತದೆಂದು ಬಹಳ ವರ್ಷ ಅದನ್ನು ಹಾಗೆಯೇ ಬಿಟ್ಟರು. ಒಂದೊಂದು ತಯಾರಿಕೆಗೆ ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟಿಗೆ ಸುರಿಯುತ್ತಿದ್ದರು. ಅವರಲ್ಲಿ ಒಬ್ಬರಿಗೆ ಸೋಂಕಿದ್ದರೂ ಸಾಕಿತ್ತು. 1980ರ ದಶಕದ ಮೊದಲರ್ಧದಲ್ಲಿ ಎಚ್‌ಐವಿ ಈ ದಾರಿಯಿಂದ ಹರಡಿತು. ಅಮೆರಿಕದಲ್ಲಿ ಹಿಮೋಫಿಲಿಯಾ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಸೋಂಕು ತಗಲಿತು. ಜೀವ ಉಳಿಸಲೆಂದು ಕೊಟ್ಟ ಮದ್ದೇ ಅವರಿಗೆ ಮುಳುವಾಯಿತು. ತಾಯಂದಿರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ಭಯ ಅಲ್ಲಿಂದ ಬಂದದ್ದು.

ಕಿರಣ ರೋಗಾಣುವನ್ನು ಹೇಗೆ ಕೊಲ್ಲುತ್ತದೆ?

ಪ್ರತಿಯೊಂದು ವೈರಾಣುವಿನ ಹೊಟ್ಟೆಯಲ್ಲಿ ಒಂದು ಉದ್ದದ ಎಳೆ ಇರುತ್ತದೆ. ಅದಕ್ಕೆ ಡಿಎನ್‌ಎ ಅಥವಾ ಆರ್‌ಎನ್‌ಎ ಎನ್ನುತ್ತಾರೆ. ಅದು ವೈರಾಣುವಿನ ವಂಶದ ಎಳೆ. ಈ ಎಳೆ ತುಂಡಾದರೆ ವೈರಾಣು ನಮ್ಮ ದೇಹದೊಳಗೆ ಹೋದರೂ ಮರಿ ಹಾಕಲಾರದು, ರೋಗ ತರಲಾರದು.

ಹೊಲದಲ್ಲಿ ಆಲಿಕಲ್ಲು ಮಳೆ ಬಿತ್ತೆನ್ನಿ. ಒಂದು ಕಡೆ ಹತ್ತು ಮೊಳ ಉದ್ದದ ಕುಂಬಳಬಳ್ಳಿ ಹಬ್ಬಿದೆ. ಇನ್ನೊಂದು ಕಡೆ ಪುಟ್ಟ ಪುಟ್ಟ ಸಸಿಗಳಿವೆ. ಉದ್ದದ ಬಳ್ಳಿಗೆ ಎಲ್ಲಾದರೂ ಒಂದು ಕಲ್ಲು ತಗಲದೆ ಇರದು. ಒಂದು ಕಡೆ ಕಡಿದರೂ ಮುಂದಿನ ಬಳ್ಳಿಯೆಲ್ಲ ಒಣಗುತ್ತದೆ. ಸಸಿಗಳಲ್ಲಿ ಕೆಲವು ಹೋದರೂ ಬಹುಪಾಲು ಪಾರಾಗುತ್ತವೆ. ಗಾಮಾ ಕಿರಣ ಹಾಯಿಸಿದಾಗ ಆಗುವುದೂ ಇದೇ. ವೈರಾಣುವಿನ ಎಳೆ ಪ್ರೋಟೀನ್ ಕಣಕ್ಕಿಂತ ಹಲವು ಪಟ್ಟು ದೊಡ್ಡದು. ಆದ್ದರಿಂದ ಪೆಟ್ಟು ಅದಕ್ಕೇ ಮೊದಲು ಬೀಳುತ್ತದೆ.

ಗಾಮಾ ಕಿರಣಗಳನ್ನು ಸಾಮಾನ್ಯವಾಗಿ ಕೋಬಾಲ್ಟ್-60 ಎಂಬ ಲೋಹದಿಂದ ಪಡೆಯುತ್ತಾರೆ. ಮುಚ್ಚಿದ ಪೆಟ್ಟಿಗೆಯೊಳಕ್ಕೂ ಇವು ಹಾದುಹೋಗುತ್ತವೆ. ಬಿಸಿಯನ್ನೂ ಹೆಚ್ಚು ಉಂಟುಮಾಡುವುದಿಲ್ಲ. ನೇರಳಾತೀತ ಕಿರಣ ಇನ್ನೊಂದು ಬಗೆಯದು. ಅದು ಬೆಳಕಿನ ಜಾತಿಯೇ ಆದರೂ ಕಣ್ಣಿಗೆ ಕಾಣದು. ಅದೂ ವೈರಾಣುವಿನ ಎಳೆಯನ್ನು ಕೆಡಿಸುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ.

ಕೊರಿಯಾ ಯುದ್ಧ ಕಲಿಸಿದ ಪಾಠ

ಆಳಕ್ಕೆ ಇಳಿಯದ ಈ ಗುಣದಿಂದ ಒಮ್ಮೆ ದೊಡ್ಡ ಅನಾಹುತವೇ ಆಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಪ್ಲಾಸ್ಮಾಕ್ಕೆ ನೇರಳಾತೀತ ಕಿರಣ ಹಾಯಿಸಿ ಬಳಸತೊಡಗಿದರು. ಇನ್ನು ಕಾಮಾಲೆಯ ಭಯವಿಲ್ಲ ಎಂದುಕೊಂಡರು. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಇಂಥ ಪ್ಲಾಸ್ಮಾ ಕೊಟ್ಟರು. ಆದರೂ ಅದನ್ನು ಪಡೆದವರಲ್ಲಿ, ಒಂದು ಲೆಕ್ಕದ ಪ್ರಕಾರ, ಸುಮಾರು ಐವರಲ್ಲಿ ಒಬ್ಬರಿಗೆ ಕಾಮಾಲೆ ಬಂತು. ಕೊನೆಗೆ ಸೈನ್ಯ ಆ ಪ್ಲಾಸ್ಮಾವನ್ನು ಬಿಟ್ಟು, ಬಿಸಿ ಮಾಡಿದ ಆಲ್ಬುಮಿನ್ ಕಡೆಗೆ ತಿರುಗಿತು.

ಹೀಗೇಕೆ ಆಯಿತು? ಪ್ಲಾಸ್ಮಾ ನೀರಿನಂತೆ ತಿಳಿಯಾಗಿರುವುದಿಲ್ಲ. ಅದರಲ್ಲಿರುವ ಪ್ರೋಟೀನ್‌ಗಳೇ ನೇರಳಾತೀತ ಕಿರಣವನ್ನು ಹೀರಿಕೊಂಡುಬಿಡುತ್ತವೆ. ಮೇಲ್ಪದರದ ವೈರಾಣು ಸತ್ತರೂ ಕೆಳಗಿನದು ನೆರಳಿನಲ್ಲಿ ಉಳಿದುಕೊಳ್ಳುತ್ತದೆ. ಕಿರಣ ಹಾಯಿಸಿದರೆ ಸಾಲದು, ಅದು ಪ್ರತಿ ಹನಿಗೂ ತಗಲಿತೇ ಎಂಬುದನ್ನು ಅಳೆದು ನೋಡಬೇಕು. ಇಂದು ಇಂಥ ಯಂತ್ರಗಳಲ್ಲಿ ದ್ರವವನ್ನು ತೆಳ್ಳಗಿನ ಪದರವಾಗಿ ಹರಿಸುವುದು, ಇಲ್ಲವೇ ಚೀಲವನ್ನು ಅಲುಗಾಡಿಸುತ್ತಲೇ ಕಿರಣ ಹಾಯಿಸುವುದು ಇದೇ ಕಾರಣಕ್ಕೆ.

ಪ್ರೋಟೀನ್ ಒಡೆಯದಂತೆ ಕಾಪಾಡುವುದು

ಗಾಮಾ ಕಿರಣಕ್ಕೆ ಆಳದ ತೊಂದರೆ ಇಲ್ಲ. ಅದರ ತೊಂದರೆಯೇ ಬೇರೆ. ಕಿರಣ ನೀರಿನ ಮೂಲಕ ಹಾಯುವಾಗ ನೀರಿನ ಕಣಗಳು ಒಡೆದು, ಕ್ಷಣಕಾಲ ಬದುಕುವ ಕೆಲವು ಕಿಡಿಗೇಡಿ ಕಣಗಳು ಹುಟ್ಟುತ್ತವೆ. ಅವು ಓಡಾಡಿ ಹತ್ತಿರವಿದ್ದ ಪ್ರೋಟೀನ್‌ಗಳನ್ನು ಕೆಡಿಸುತ್ತವೆ. ಕಿರಣ ನೇರವಾಗಿ ತಗಲುವುದಕ್ಕಿಂತ ಹೆಚ್ಚಿನ ಹಾನಿ ಇವುಗಳಿಂದಲೇ ಆಗುತ್ತದೆ. ಇದನ್ನು ತಡೆಯಲು ವಿಜ್ಞಾನಿಗಳು ಮೂರು ದಾರಿ ಹುಡುಕಿದ್ದಾರೆ.

1. ಹೆಪ್ಪುಗಟ್ಟಿಸುವುದು: ಔಷಧಿಯನ್ನು ಬಹಳ ತಣ್ಣಗೆ, ಗಟ್ಟಿಯಾಗಿ ಮಾಡಿ ಕಿರಣ ಹಾಯಿಸಿದರೆ ಈ ಕಣಗಳು ಹುಟ್ಟಿದಲ್ಲೇ ಸಿಕ್ಕಿಕೊಳ್ಳುತ್ತವೆ, ಓಡಾಡಲಾರವು.

2. ಒಣಗಿಸುವುದು: ಔಷಧಿಯನ್ನು ಪುಡಿ ಮಾಡಿದರೆ ನೀರೇ ಇರುವುದಿಲ್ಲ. ನೀರಿಲ್ಲದಿದ್ದರೆ ಈ ಕಣಗಳೂ ಹೆಚ್ಚು ಹುಟ್ಟುವುದಿಲ್ಲ.

3. ಸಿ ವಿಟಮಿನ್ ಬೆರೆಸುವುದು: ಹೆಚ್ಚಿದ ಸೇಬು ಕಪ್ಪಾಗದಿರಲೆಂದು ನಿಂಬೆರಸ ಸವರುತ್ತೇವಲ್ಲ, ಇದೂ ಹಾಗೆಯೇ. ಕಿಡಿಗೇಡಿ ಕಣಗಳು ಮೊದಲು ವಿಟಮಿನ್ ಮೇಲೆ ಬೀಳುತ್ತವೆ, ಪ್ರೋಟೀನ್ ಉಳಿಯುತ್ತದೆ.

2000ದ ದಶಕದ ಆರಂಭದ ವರ್ಷಗಳಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಈ ದಾರಿಗಳನ್ನು ಒಟ್ಟಿಗೆ ಬಳಸಿ ನೋಡಿದರು. 45 ಕಿಲೋಗ್ರೇಯಷ್ಟು ಗಾಮಾ ಕಿರಣ ಹಾಯಿಸಿದರೂ ರೋಗನಿರೋಧಕ ಪ್ರೋಟೀನ್ ಬಹುಮಟ್ಟಿಗೆ ಕೆಲಸ ಮಾಡುವ ಸ್ಥಿತಿಯಲ್ಲೇ ಉಳಿಯಿತು. ವೈರಾಣುಗಳು ಮಾತ್ರ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಉಳಿದವು. ಈ ಪ್ರಮಾಣ ಎಷ್ಟು ದೊಡ್ಡದೆಂದು ತಿಳಿಯಲು ಇದನ್ನು ನೋಡಿ: ಕ್ಯಾನ್ಸರ್ ರೋಗಿಗಳಿಗೆ "ಕರೆಂಟ್ ಕೊಡೋದು" ಎಂದು ಜನ ಕರೆಯುವ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ. 45 ಕಿಲೋಗ್ರೇ ಎಂದರೆ 45,000 ಗ್ರೇ.

ಹಾಗಾದರೆ ಎಲ್ಲ ಔಷಧಿಗೂ ಗಾಮಾ ಹಾಯಿಸಬಾರದೇಕೆ?

ರೋಗಾಣು ಸತ್ತರೆ ಕೆಲಸ ಮುಗಿಯಲಿಲ್ಲ. ಪ್ರೋಟೀನ್ ಸ್ವಲ್ಪವೇ ಬದಲಾದರೂ ನಮ್ಮ ದೇಹ ಅದನ್ನು ಪರಕೀಯವೆಂದು ತಿಳಿದು ಎದುರು ನಿಲ್ಲಬಹುದು. 1990ರ ಸುಮಾರಿಗೆ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳಲ್ಲಿ, ಹೊಸ ಕ್ರಮದಲ್ಲಿ ಬಿಸಿ ಮಾಡಿ ತಯಾರಿಸಿದ ಒಂದು ಫ್ಯಾಕ್ಟರ್ 8 ಕೊಟ್ಟ ಮೇಲೆ ಕೆಲವು ರೋಗಿಗಳ ದೇಹದಲ್ಲಿ ಆ ಔಷಧಿಗೇ ವಿರೋಧಿ ವಸ್ತು ಹುಟ್ಟಿಕೊಂಡಿತು. ವೈರಾಣುವೇನೋ ಸತ್ತಿತ್ತು, ಆದರೆ ಮದ್ದು ರೋಗಿಗೆ ಹಿಡಿಸದಂತಾಯಿತು. ಹೀಗಾಗಿ ಈ ಕ್ಷೇತ್ರದಲ್ಲಿ ಬಹಳ ಎಚ್ಚರದಿಂದ ಹೆಜ್ಜೆ ಇಡುತ್ತಾರೆ. ಗಾಮಾ ಕಿರಣ ಹಾಯಿಸಿದ ಫ್ಯಾಕ್ಟರ್ 8 ಸಾಮಾನ್ಯ ಬಳಕೆಗೆ ಬಂದಿಲ್ಲ.

ಆದರೂ ಕಿರಣಗಳು ಬೇರೆ ಬೇರೆ ಹಂತಗಳಲ್ಲಿ ಕೆಲಸ ಮಾಡುತ್ತಿವೆ. ಜೀವಕೋಶಗಳಲ್ಲಿ ಬೆಳೆಸುವ ಔಷಧಿಗಳ ತಯಾರಿಕೆಯಲ್ಲಿ ಆ ಕೋಶಗಳಿಗೆ ಉಣಿಸಲು ಕೆಲವೊಮ್ಮೆ ಪ್ರಾಣಿಗಳ ಸೀರಮ್ ಬೇಕಾಗುತ್ತದೆ. ಅದನ್ನು ಹೆಪ್ಪುಗಟ್ಟಿಸಿ ಗಾಮಾ ಹಾಯಿಸುವುದು ಈಗ ರೂಢಿಯಲ್ಲಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ನಿಧಿ 1988ರಿಂದ ಮೂಳೆಯ ತುಂಡುಗಳನ್ನೂ, ಸುಟ್ಟ ಗಾಯಕ್ಕೆ ಹೊದಿಸುವ ಪೊರೆಯನ್ನೂ ಗಾಮಾದಿಂದ ಶುದ್ಧಗೊಳಿಸುತ್ತಾ ಬಂದಿದೆ. ಹಲವು ದೇಶಗಳಲ್ಲಿ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಚೀಲಗಳಿಗೆ ಬಿ-2 ವಿಟಮಿನ್ ಅಥವಾ ಅಮೊಟೊಸಾಲೆನ್ ಎಂಬ ವಸ್ತು ಬೆರೆಸಿ ನೇರಳಾತೀತ ಕಿರಣ ಹಾಯಿಸುತ್ತಾರೆ. ಆ ವಸ್ತು ವೈರಾಣುವಿನ ಎಳೆಗೆ ಅಂಟಿಕೊಳ್ಳುವುದರಿಂದ, ಬೆಳಕು ಬಿದ್ದಾಗ ಪೆಟ್ಟು ಅಲ್ಲಿಯೇ ಬೀಳುತ್ತದೆ.

ಇಂದಿನ ಬಾಟಲಿ ಹೇಗೆ ಸುರಕ್ಷಿತ?

ಯಾವ ಒಂದು ಉಪಾಯವೂ ಎಲ್ಲ ವೈರಾಣುಗಳನ್ನು ಕೊಲ್ಲುವುದಿಲ್ಲ. 1985ರಿಂದ ದ್ರಾವಕ ಮತ್ತು ಮಾರ್ಜಕ ಬಳಸಿ ವೈರಾಣುಗಳ ಕೊಬ್ಬಿನ ಹೊದಿಕೆ ಕರಗಿಸುವ ವಿಧಾನ ಬಂತು. ಪಾತ್ರೆಯ ಜಿಡ್ಡನ್ನು ಸೋಪು ತೆಗೆದ ಹಾಗೆ! ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರಕ್ಕೂ ಕೊಬ್ಬಿನ ಹೊದಿಕೆ ಇರುವುದರಿಂದ ಅವು ಸತ್ತವು. ಹೆಪಟೈಟಿಸ್ ಎ ವೈರಾಣುವಿಗೆ ಅಂಥ ಹೊದಿಕೆ ಇಲ್ಲ. ಆದ್ದರಿಂದ 1990ರ ಆಸುಪಾಸಿನಲ್ಲಿ ಇಟಲಿ ಮತ್ತು ಜರ್ಮನಿಯಲ್ಲಿ, ಹೀಗೆ ಶುದ್ಧಗೊಳಿಸಿದ ಫ್ಯಾಕ್ಟರ್ ಪಡೆದ ಕೆಲವರಿಗೆ ಹೆಪಟೈಟಿಸ್ ಎ ಬಂತು.

ಈ ಅನುಭವದಿಂದ ಒಂದು ನಿಯಮ ಗಟ್ಟಿಯಾಯಿತು. ಔಷಧಿಯು ಒಂದಕ್ಕೊಂದು ಭಿನ್ನವಾದ ಕನಿಷ್ಠ ಎರಡು ಹಂತಗಳನ್ನು ದಾಟಬೇಕು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದರಲ್ಲಿ ಸಿಕ್ಕಿಬೀಳಬೇಕು. ಇಂದು ದಾನಿಗಳ ಆಯ್ಕೆ, ರಕ್ತಪರೀಕ್ಷೆ, ದ್ರಾವಕ, ಶಾಖ, ಆಮ್ಲ, ಅತಿ ಸೂಕ್ಷ್ಮ ಜರಡಿ, ಕೆಲವೆಡೆ ಕಿರಣ, ಹೀಗೆ ಹಲವು ಕಾವಲುಗಳಿವೆ. 1980ರ ದಶಕದ ಕೊನೆಯ ನಂತರ, ಈ ಕಾವಲುಗಳನ್ನು ಸರಿಯಾಗಿ ದಾಟಿ ಬಂದ ಫ್ಯಾಕ್ಟರ್ ಔಷಧಿಗಳ ಮೂಲಕ ಎಚ್‌ಐವಿ ಹರಡುವುದು ನಿಂತಿದೆ. ಇದಲ್ಲದೆ, 1992ರಿಂದ ಮನುಷ್ಯರ ಪ್ಲಾಸ್ಮಾ ಬಳಸದೆ ಜೀವಕೋಶಗಳಲ್ಲಿ ತಯಾರಿಸಿದ ಫ್ಯಾಕ್ಟರ್ 8 ಕೂಡ ಬಳಕೆಯಲ್ಲಿದೆ.

ಒಂದು ಮಾತು ನೆನಪಿರಲಿ. ಇದೆಲ್ಲ ಕಾರ್ಖಾನೆಯಲ್ಲಿ ತಯಾರಾದ ಔಷಧಿಗೆ ಸಂಬಂಧಿಸಿದ್ದು. ರಕ್ತನಿಧಿಯಿಂದ ಬರುವ ರಕ್ತ, ಪ್ಲಾಸ್ಮಾ ಮತ್ತು ಕ್ರಯೋ ಚೀಲಗಳನ್ನು ನಮ್ಮ ದೇಶದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಮಾಡಿಯೇ ಕೊಡುತ್ತಾರೆ. ಆದರೆ ವೈರಾಣು ಕೊಲ್ಲುವ ಹಂತ ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ. ಹಿಮೋಫಿಲಿಯಾ ಮಕ್ಕಳಿಗೆ ಕ್ರಯೋಗಿಂತ ಫ್ಯಾಕ್ಟರ್ ಒಳ್ಳೆಯದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ನೀವು ಕೇಳುವ ಪ್ರಶ್ನೆಗಳು

ಪ್ರಶ್ನೆ: ಕಿರಣ ಹಾಯಿಸಿದ ವಸ್ತುವಿನಲ್ಲಿ ವಿಕಿರಣ ಉಳಿಯುತ್ತದೆಯೇ?
ಉತ್ತರ: ಇಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಹಾಗೆಯೇ ಇದೂ. ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಬೇರೆ ವಸ್ತುವನ್ನು ವಿಕಿರಣಯುಕ್ತ ಮಾಡುವಷ್ಟು ಶಕ್ತಿ ಇಲ್ಲ. ನಾವು ದಿನನಿತ್ಯ ಬಳಸುವ ಸಿರಿಂಜು, ಕೈಗವಸುಗಳಲ್ಲಿ ಅನೇಕವು ಗಾಮಾದಿಂದ ಶುದ್ಧಗೊಂಡವೇ. ನಮ್ಮ ದೇಶದಲ್ಲಿ ಮುಂಬೈನ ಟ್ರಾಂಬೆಯಲ್ಲಿ 1974ರಲ್ಲೇ ಇದಕ್ಕಾಗಿ ಐಸೋಮೆಡ್ ಎಂಬ ಘಟಕ ಆರಂಭವಾಯಿತು.

ಪ್ರಶ್ನೆ: ರಕ್ತದ ಚೀಲದ ಮೇಲೆ "ಇರ್ರೇಡಿಯೇಟೆಡ್" ಎಂದು ಬರೆದಿದೆ. ಅದರಲ್ಲಿ ರೋಗಾಣು ಇಲ್ಲವೆಂದು ಅರ್ಥವೇ?
ಉತ್ತರ: ಅಲ್ಲ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ರಕ್ತದ ಚೀಲಕ್ಕೆ ಕೊಡುವುದು ಸುಮಾರು 25 ಗ್ರೇ ಮಾತ್ರ. ಸಿರಿಂಜಿಗೆ ಸಾಮಾನ್ಯವಾಗಿ ಕೊಡುವುದು ಅದರ ಸಾವಿರ ಪಟ್ಟು. 25 ಗ್ರೇಯಿಂದ ವೈರಾಣು ಸಾಯುವುದಿಲ್ಲ. ದಾನಿಯ ಬಿಳಿ ರಕ್ತಕಣಗಳು ರೋಗಿಯ ದೇಹದಲ್ಲಿ ಬೆಳೆದು ದಾಳಿ ಮಾಡದಂತೆ ಅವನ್ನು ನಿಷ್ಕ್ರಿಯಗೊಳಿಸುವುದಷ್ಟೇ ಅದರ ಉದ್ದೇಶ.

ಪ್ರಶ್ನೆ: ಮನೆಯವರ ರಕ್ತವೇ ಹೆಚ್ಚು ಸುರಕ್ಷಿತವಲ್ಲವೇ?
ಉತ್ತರ: ತಂದೆ, ತಾಯಿ, ಅಣ್ಣತಮ್ಮಂದಿರ ರಕ್ತದಲ್ಲಿ ಈ ಬಿಳಿ ಕಣಗಳ ಅಪಾಯ ಇನ್ನೂ ಹೆಚ್ಚು. ಹತ್ತಿರದ ಸಂಬಂಧಿಯ ರಕ್ತ ಕೊಡಲೇಬೇಕಾದರೆ ಕಿರಣ ಹಾಯಿಸಿಯೇ ಕೊಡಬೇಕು. ನೀವು ರಕ್ತದಾನ ಮಾಡಿ, ಅದು ಬೇರೊಬ್ಬರಿಗೆ ಹೋಗಲಿ. ನಿಮ್ಮ ರೋಗಿಗೆ ಬೇರೆ ದಾನಿಯ ರಕ್ತ ಬರಲಿ.

ಪ್ರಶ್ನೆ: ಔಷಧಿ ಬಾಟಲಿಯನ್ನು ಬಿಸಿಲಿಗೆ ಇಟ್ಟರೆ ಇನ್ನೂ ಶುದ್ಧವಾಗುವುದಿಲ್ಲವೇ?
ಉತ್ತರ: ಖಂಡಿತ ಇಲ್ಲ. ವೈರಾಣುವನ್ನು ಚೆನ್ನಾಗಿ ಕೊಲ್ಲುವ ಜಾತಿಯ ನೇರಳಾತೀತ ಕಿರಣ ಸೂರ್ಯನಿಂದ ಹೊರಟರೂ ಓಝೋನ್ ಪದರವನ್ನು ದಾಟಿ ಭೂಮಿಗೆ ಬರುವುದೇ ಇಲ್ಲ. ಬಿಸಿಲಿನಿಂದ ಬಾಟಲಿಯೊಳಗಿನ ಪ್ರೋಟೀನ್ ಕೆಡುತ್ತದೆ, ಅಷ್ಟೇ. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಔಷಧಿಯನ್ನು ಬೇಡ.

ನೀವು ಮಾಡಬೇಕಾದದ್ದು

1. ಫ್ಯಾಕ್ಟರ್ ಮತ್ತು ಇಮ್ಯುನೋಗ್ಲೋಬ್ಯುಲಿನ್ ಔಷಧಿಗಳನ್ನು ಪೆಟ್ಟಿಗೆಯ ಮೇಲೆ ಬರೆದ ಉಷ್ಣತೆಯಲ್ಲೇ ಇಡಿ. ಸಾಮಾನ್ಯವಾಗಿ ಇದು 2ರಿಂದ 8 ಡಿಗ್ರಿ, ಅಂದರೆ ಫ್ರಿಜ್ಜಿನ ಒಳಭಾಗ. ಐಸ್ ಕಟ್ಟುವ ಖಾನೆಯಲ್ಲಿ ಇಡಬೇಡಿ. ಕಾರ್ಖಾನೆಯಲ್ಲಿ ಹೆಪ್ಪುಗಟ್ಟಿಸುವ ಕ್ರಮವೇ ಬೇರೆ, ಮನೆಯಲ್ಲಿ ಹೆಪ್ಪುಗಟ್ಟಿದ ಔಷಧಿ ಕೆಟ್ಟ ಹಾಗೆ.

2. ಅಂಗಡಿಯಿಂದ ತರುವಾಗ ಐಸ್ ಚೀಲದ ಜೊತೆ ಕೇಳಿ ಪಡೆಯಿರಿ. ಬಿಲ್ಲನ್ನೂ ತಪ್ಪದೆ ಪಡೆಯಿರಿ.

3. ಪುಡಿಗೆ ದ್ರವ ಬೆರೆಸುವಾಗ ಜೋರಾಗಿ ಕುಲುಕಬೇಡಿ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ.

4. ಬಾಟಲಿ ಸೀಳಿದ್ದರೆ, ದ್ರವದಲ್ಲಿ ಚೂರುಗಳು ಕಂಡರೆ, ಅವಧಿ ಮುಗಿದಿದ್ದರೆ ಬಳಸಬೇಡಿ. ಕೂಡಲೇ ಸಿಸ್ಟರ್‌ಗೆ ತೋರಿಸಿ.

5. ಔಷಧಿಯ ಹೆಸರು, ಬ್ಯಾಚ್ ನಂಬರು, ಹಾಕಿದ ದಿನಾಂಕ, ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಆ ಬ್ಯಾಚಿನಲ್ಲಿ ದೋಷ ಕಂಡುಬಂದರೆ ನಿಮ್ಮ ರೋಗಿಯನ್ನು ಹುಡುಕಲು ಇದೊಂದೇ ದಾರಿ.

6. ಮೇಲಿಂದ ಮೇಲೆ ರಕ್ತ ಅಥವಾ ಫ್ಯಾಕ್ಟರ್ ಬೇಕಾಗುವವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಹೆಪಟೈಟಿಸ್ ಎ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

7. ಔಷಧಿ ಹೋಗುವಾಗ ಚಳಿ, ಜ್ವರ, ಮೈ ಮೇಲೆ ಗಂಧೆ, ಉಸಿರಿನ ತೊಂದರೆ ಕಂಡರೆ ತಕ್ಷಣ ಕರೆಯಿರಿ. ರಾತ್ರಿಯಾದರೂ ಸಂಕೋಚ ಬೇಡ.

ಮೊದಲು ಹೇಳಿದ ತಾಯಿಗೆ ನಾವು ಕೊಡುವ ಉತ್ತರ ಇಷ್ಟೇ: "ಅವ್ವಾ, ನಿಮ್ಮ ಪ್ರಶ್ನೆ ಸರಿಯಾಗಿದೆ. ಅಪಾಯ ಸೊನ್ನೆ ಎಂದು ಯಾರೂ ಹೇಳಲಾರರು. ಆದರೆ ಈ ಬಾಟಲಿ ನಿಮ್ಮ ಕೈಗೆ ಬರುವ ಮೊದಲು ಹಲವು ಕಾವಲುಗಳನ್ನು ದಾಟಿದೆ. ಚುಚ್ಚುಮದ್ದು ಹಾಕಿಸದೆ ಬಿಟ್ಟರೆ ಮೊಣಕಾಲಿನೊಳಗೆ ರಕ್ತ ತುಂಬಿ, ಹೀಗೇ ಮತ್ತೆ ಮತ್ತೆ ಆದರೆ ಕೀಲು ಬಿಗಿದು ಹುಡುಗ ಕುಂಟುವಂತಾಗುತ್ತದೆ. ಆ ಅಪಾಯ ಇಂದೇ ಎದುರಿಗಿದೆ."

ನಿಮಗೂ ಇಂಥ ಸಂದೇಹವಿದ್ದರೆ ಮನಸ್ಸಿನಲ್ಲಿ ಇಟ್ಟುಕೊಂಡು ಔಷಧಿ ಬಿಡಬೇಡಿ. ವೈದ್ಯರನ್ನು ಅಥವಾ ವಾರ್ಡಿನ ಸಿಸ್ಟರ್‌ಗಳನ್ನು ಕೇಳಿ ತಿಳಿದುಕೊಳ್ಳಿ. ಈ ಪತ್ರಿಕೆಯನ್ನು ಓದಿದ ಮೇಲೆ ಪಕ್ಕದ ಹಾಸಿಗೆಯವರಿಗೂ ಓದಲು ಕೊಡಿ.